ಮಡಿಕೇರಿಯ ಎಕೋ ಕೊಠಡಿ: ಆರು ತಿಂಗಳಲ್ಲಿ ಐದು ಸಲ ಹೋಗಿ ಬಂದ ಮೇಲೆ

ಐದಕ್ಕೆ ನಾಲ್ಕೂವರೆ ಸ್ಟಾರ್. ಆ ಅರ್ಧ ಯಾಕೆ ಕಳೆದೆ ಅನ್ನುವುದನ್ನು ಕೊನೆಯಲ್ಲಿ ಬರೆಯುತ್ತೇನೆ.

ಇದು ಮಡಿಕೇರಿಯ ಒಂದು ನರ್ಸಿಂಗ್ ಹೋಮ್‌ನಲ್ಲಿ, ಕೆಳಗಡೆ ಮಹಡಿಯಲ್ಲಿರುವ ಎಕೋ ಕೊಠಡಿಯ ವಿಷಯ. ಎಕೋ ಅಂದರೆ ಹೃದಯದ ಸ್ಕ್ಯಾನಿಂಗ್. ಬರೆಯುತ್ತೇನೆ ಎಂದಾಗ ಅಲ್ಲಿನ ಡಾಕ್ಟರು, "ಬರೀರಿ, ಆದರೆ ನನ್ನ ಹೆಸರು, ಜಾಗದ ಹೆಸರು ಬೇಡ" ಎಂದರು. ಅದಕ್ಕೇ ಹಾಕಿಲ್ಲ. ಸಾಮಾನ್ಯವಾಗಿ ನಾನು ರಿವ್ಯೂ ಬರೆಯುವವನಲ್ಲ. ಹೋದ ವರ್ಷ ಒಂದು ಸ್ಪ್ರೇಯರ್ ಬಗ್ಗೆ ಬರೆದಿದ್ದೆ, ಅಷ್ಟೇ. ಇದನ್ನು ಬರೆಯದೆ ಇದ್ದರೆ ಮನಸ್ಸಿಗೆ ಸಮಾಧಾನ ಇಲ್ಲ.

ನಾನು ಸುಂಟಿಕೊಪ್ಪದ ಹತ್ತಿರ ಒಂದು ಕಾಫಿ ತೋಟದಲ್ಲಿ ರೈಟರ್. ಕೆಲಸದವರ ಹಾಜರಿ, ಕಾಫಿ ತೂಕ, ಗೊಬ್ಬರದ ಲೆಕ್ಕ, ದಿನದ ಮಳೆ ಎಲ್ಲ ಬರೆದಿಡುವುದು ನನ್ನ ಕೆಲಸ. ಕೊಡಗಿನ ತೋಟದವರಿಗೆ ಗೊತ್ತಿರುತ್ತದೆ, ನಾವು ಮಳೆಯನ್ನು ಈಗಲೂ ಇಂಚು, ಸೆಂಟಲ್ಲೇ (ಸೆಂಟು ಅಂದರೆ ಇಂಚಿನ ನೂರನೇ ಒಂದು ಭಾಗ) ಬರೆಯುತ್ತೇವೆ. ಹೋದ ಜುಲೈ ಮೂರನೇ ವಾರದ ಪುಟ ತೆಗೆದರೆ 3 ಇಂಚು 40 ಸೆಂಟು, 4 ಇಂಚು 20 ಸೆಂಟು, ಹೀಗೇ ಇದೆ. ಅದರ ಪಕ್ಕದಲ್ಲೇ ಪೆನ್ಸಿಲಿನಲ್ಲಿ ಬೇರೆ ಸಂಖ್ಯೆಗಳೂ ಇವೆ. ಅವು ನನ್ನ ಮಗಳ ಹೃದಯದ್ದು.

ಮಗಳಿಗೆ 19. ಮಡಿಕೇರಿಯಲ್ಲಿ ಬಿ.ಕಾಂ. ಎರಡನೇ ವರ್ಷ. ಕಾಲೇಜು ಹಾಕಿ ಟೀಮಿನಲ್ಲಿ ಹಾಫ್ ಬ್ಯಾಕ್. ಬೆಳಿಗ್ಗೆ ಐದೂವರೆಗೆ ಎದ್ದು ಓಡುವ ಹುಡುಗಿ. ಅವಳಿಗೆ ಹೃದಯದ ತೊಂದರೆ ಬರಬಹುದು ಅಂತ ಯಾರು ಅಂದುಕೊಳ್ಳುತ್ತಾರೆ, ಅಲ್ವಾ?

ಶುರುವಾಗಿದ್ದು ಜ್ವರದಿಂದ. ಜುಲೈ ನಡುವಿನ ಕಕ್ಕಡ ತಿಂಗಳ ಮಳೆ, ಅರ್ಧ ಊರಿಗೇ ಜ್ವರ. ಮೂರನೇ ದಿನ ವಾಂತಿ, ಹೊಟ್ಟೆನೋವು. ಹತ್ತಿರದ ಒಂದು ಕ್ಲಿನಿಕ್‌ಗೆ ಕರೆದುಕೊಂಡು ಹೋದೆವು. ಡೆಂಗಿ ಇರಬಹುದು ಎಂದರು. ನೋವಿಗೆ ಡೈಕ್ಲೋಫೆನಾಕ್ ಇಂಜೆಕ್ಷನ್, ಕೈಗೆ ಡ್ರಿಪ್ಸ್. ಸಂಜೆ ಒಂದು ಬಾಟಲಿ, ಮರುದಿನ ಎರಡು. ಡೆಂಗಿಯಾದರೆ ನೀರಿನ ಅಂಶ ಕೊಡುವುದೇ ಮುಖ್ಯ ಚಿಕಿತ್ಸೆ, ಅದು ನನಗೂ ಗೊತ್ತು. ಅವರನ್ನು ಬೈಯಲು ಇದನ್ನು ಬರೆಯುತ್ತಿಲ್ಲ. ಆದರೆ ಡ್ರಿಪ್ಸ್ ಹಾಕಿದಷ್ಟೂ ಅವಳಿಗೆ ಸುಸ್ತು ಜಾಸ್ತಿ ಆಗುತ್ತಾ ಹೋಯಿತು. "ಸುಮ್ನೆ ಗಾಬರಿ ಮಾಡ್ಬೇಡಿ, ಜ್ವರದ ಸುಸ್ತು" ಎಂದರು. ನಾಡಿ 130 ಇತ್ತು. ಅದನ್ನು ಯಾರೂ ಎರಡನೇ ಸಲ ನೋಡಲಿಲ್ಲ. ಆ ಬೇಸರ ನನಗೆ ಇವತ್ತಿಗೂ ಇದೆ.

ಆ ರಾತ್ರಿ ಅವಳಿಗೆ ಮಲಗಲು ಆಗಲಿಲ್ಲ. ಮಲಗಿದರೆ ಉಸಿರು ಕಟ್ಟುತ್ತಿತ್ತು. ಎದ್ದು ಕೂತು, ದಿಂಬು ತಬ್ಬಿಕೊಂಡು ಮುಂದಕ್ಕೆ ಬಾಗಿದರೆ ಸ್ವಲ್ಪ ಹಗುರ. ನನ್ನ ಹೆಂಡತಿ ಕೈ ಮುಟ್ಟಿ ನೋಡಿ, "ಜ್ವರ ಅಂತೀರಿ, ಕೈ ಐಸ್ ಥರ ಇದೆಯಲ್ರೀ" ಎಂದಳು. ಬೆಳಕು ಹರಿಯುವ ಮುಂಚೆ ಸಾವ್ಕಾರರ ಜೀಪು ಕೇಳಿ ಹೊರಟೆವು. ಬೋಯಿಕೇರಿ ಹತ್ತಿರ ಮಂಜಿನಲ್ಲಿ ಹತ್ತು ಅಡಿ ಮುಂದೆ ಕಾಣುತ್ತಿರಲಿಲ್ಲ. ಹದಿನೈದು ಕಿಲೋಮೀಟರ್ ದಾರಿಗೆ ಮುಕ್ಕಾಲು ಗಂಟೆ ಹಿಡಿಯಿತು.

ನರ್ಸಿಂಗ್ ಹೋಮ್‌ನಲ್ಲಿ ಬಿ.ಪಿ. ನೋಡಿದರು, 84/60. ಇಸಿಜಿ ತೆಗೆದರು. ಡ್ಯೂಟಿ ಡಾಕ್ಟರು ಆ ಕಾಗದ ಹಿಡಿದುಕೊಂಡು ಫೋನ್ ಮಾಡಿದರು. ಹತ್ತು ನಿಮಿಷದಲ್ಲಿ ಎಕೋ ಡಾಕ್ಟರು ಸ್ವೆಟರ್ ಮೇಲೆ ರೇನ್‌ಕೋಟ್ ಹಾಕಿಕೊಂಡು ಬಂದೇಬಿಟ್ಟರು. ಬೆಳಿಗ್ಗೆ ಆರೂಮುಕ್ಕಾಲಿಗೆ! ನನ್ನ ನಾಲ್ಕೂವರೆ ಸ್ಟಾರಿನಲ್ಲಿ ಎರಡು ಅಲ್ಲೇ ಕೊಟ್ಟಾಯಿತು.

ಕೊಠಡಿ ಚಿಕ್ಕದು. ಒಂದು ಮಂಚ, ಯಂತ್ರ, ಪರದೆ, ಒಂದು ಸ್ಟೂಲು. ಗೋಡೆಯಲ್ಲಿ ಭ್ರೂಣದ ಲಿಂಗ ಪತ್ತೆ ಮಾಡುವುದಿಲ್ಲ ಅನ್ನುವ ಬೋರ್ಡು. ಹೆಣ್ಣುಮಕ್ಕಳನ್ನು ನೋಡುವಾಗ ಒಬ್ಬರು ಸಿಸ್ಟರ್ ಪಕ್ಕದಲ್ಲೇ ಇರುತ್ತಾರೆ, ಮೇಲೆ ಬಟ್ಟೆ ಹೊದಿಸುತ್ತಾರೆ. ಸ್ಟೀಲ್ ಲೋಟದಲ್ಲಿ ಬಿಸಿನೀರು, ಅದರೊಳಗೆ ಜೆಲ್ ಬಾಟಲಿ. ಮೊದಲು ನನಗೆ ಅರ್ಥ ಆಗಲಿಲ್ಲ. ಮಡಿಕೇರಿಯ ಜುಲೈ ಚಳಿಯಲ್ಲಿ ಎದೆಗೆ ತಣ್ಣಗಿನ ಜೆಲ್ ಹಚ್ಚಿದರೆ ಹೇಗಿರುತ್ತದೆ ಹೇಳಿ. ಸಿಸ್ಟರ್ ಬಾಟಲಿ ತೆಗೆದು, ತಮ್ಮ ಅಂಗೈ ಮೇಲೆ ಒಂದು ಹನಿ ಹಾಕಿ ನೋಡಿ, ಆಮೇಲೆ ಡಾಕ್ಟರಿಗೆ ಕೊಟ್ಟರು. ಮಗುವಿಗೆ ಹಾಲು ಕೊಡುವ ಮುಂಚೆ ನೋಡುತ್ತಾರಲ್ಲ, ಹಾಗೆ.

ಎಡಕ್ಕೆ ಹೊರಳಿಸಿ, ಎಡಗೈ ತಲೆ ಕೆಳಗೆ ಇಡಿಸಿ ನೋಡುವುದು ಕ್ರಮ. ಹೃದಯ ಎದೆಗೂಡಿಗೆ ಹತ್ತಿರ ಬರುತ್ತದೆ, ಚಿತ್ರ ಚೆನ್ನಾಗಿ ಸಿಗುತ್ತದೆ. ಮಗಳಿಗೆ ಮಲಗಲು ಆಗುತ್ತಿರಲಿಲ್ಲ. ಡಾಕ್ಟರು ಮಂಚದ ತಲೆಭಾಗ ಎತ್ತಿಸಿ, ತಾವೇ ಬಗ್ಗಿ ನಿಂತು ನೋಡಿದರು. "ಉಸಿರು ಬಿಡಮ್ಮ, ಹಾಗೇ ಹಿಡ್ಕೋ. ಆಗ್ದಿದ್ರೆ ಬಿಡು, ಪರವಾಗಿಲ್ಲ." ಇಷ್ಟೇ ಮಾತು. ಐದು ನಿಮಿಷದಲ್ಲಿ ಅವರಿಗೆ ಬೇಕಾದದ್ದು ಸಿಕ್ಕಿತ್ತು.

ಆಮೇಲೆ ಪರದೆಯನ್ನು ನನ್ನ ಕಡೆ ತಿರುಗಿಸಿದರು. ಆ ಹೊತ್ತಿನಲ್ಲೂ ತಿರುಗಿಸಿ ತೋರಿಸಿದರು, ಅದನ್ನು ನಾನು ಮರೆಯುವುದಿಲ್ಲ. ಕಪ್ಪು ಬಿಳುಪು ಚಿತ್ರ. ನಾಲ್ಕು ಕೋಣೆ. ಎಡಗಡೆಯ ದೊಡ್ಡ ಕೋಣೆಯ ಗೋಡೆ ದಪ್ಪಗೆ ಊದಿಕೊಂಡಿತ್ತು. ಬಡಿಯುತ್ತಿತ್ತು, ಆದರೆ ಗೋಡೆ ಒಳಕ್ಕೆ ಕುಗ್ಗುತ್ತಲೇ ಇರಲಿಲ್ಲ. ಸುಮ್ಮನೆ ನಡುಗಿದ ಹಾಗೆ ಕಾಣುತ್ತಿತ್ತು.

"ಪಂಪಿಂಗ್ 25 ಇದೆ. 55ರ ಮೇಲೆ ಇರ್ಬೇಕು" ಎಂದರು. ಆ ಕೋಣೆಯಲ್ಲಿ ತುಂಬಿದ ರಕ್ತದಲ್ಲಿ ನೂರಕ್ಕೆ ಎಷ್ಟು ಭಾಗ ಒಂದು ಬಡಿತಕ್ಕೆ ಹೊರಗೆ ಹೋಗುತ್ತದೆ ಅನ್ನುವುದು ಆ ಲೆಕ್ಕ. ರಿಪೋರ್ಟಿನಲ್ಲಿ ಇಎಫ್ ಅಂತ ಬರೆದಿರುತ್ತದೆ. ಹೃದಯದ ಸುತ್ತಲಿನ ಪೊರೆಯಲ್ಲಿ 8 ಮಿ.ಮೀ. ನೀರೂ ಇತ್ತು. ಅದು ಸ್ವಲ್ಪವೇ, ಹೃದಯವನ್ನು ಒತ್ತುತ್ತಿಲ್ಲ ಎಂದರು. ಒತ್ತುತ್ತಿದ್ದರೆ ಬಲಗಡೆಯ ಕೋಣೆಯ ಗೋಡೆ ಒಳಕ್ಕೆ ಕುಸಿಯುವುದು ಇದೇ ಪರದೆಯಲ್ಲಿ ಕಾಣುತ್ತದಂತೆ. ಆಗ ಸೂಜಿ ಹಾಕಿ ಆ ನೀರು ತೆಗೆಯಬೇಕಾಗುತ್ತದೆ.

ಕೊನೆಗೆ ಹೊಟ್ಟೆಯ ಮೇಲ್ಭಾಗದಲ್ಲಿ ಪ್ರೋಬ್ (ಯಂತ್ರದ ಕೈಯಲ್ಲಿ ಹಿಡಿಯುವ ತುದಿ) ಇಟ್ಟು ಇನ್ನೊಂದು ಕಡೆ ನೋಡಿದರು. ಕೆಳಗಿನಿಂದ ಹೃದಯಕ್ಕೆ ರಕ್ತ ವಾಪಸ್ ತರುವ ದೊಡ್ಡ ನಾಳ ಅದು. 2.3 ಸೆಂ.ಮೀ. ಅಗಲ ಇತ್ತು. ಉಸಿರು ಎಳೆದಾಗ ಅದು ಕುಗ್ಗಬೇಕು. ಕುಗ್ಗಲೇ ಇಲ್ಲ. "ನೋಡಿ, ಟ್ಯಾಂಕು ತುಂಬಿ ನಿಂತಿದೆ. ಇದಕ್ಕೆ ಇನ್ನೂ ಡ್ರಿಪ್ಸ್ ಹಾಕಿದ್ರೆ ನೀರು ಶ್ವಾಸಕೋಶಕ್ಕೇ ಹೋಗೋದು" ಎಂದು ಹೇಳಿ, ಸಿಸ್ಟರಿಗೆ, "ಡ್ರಿಪ್ಸ್ ಬಂದ್ ಮಾಡಿ" ಎಂದರು.

ಜ್ವರ, ವಾಂತಿ, ಬಿ.ಪಿ. ಕಡಿಮೆ, ಕೈಕಾಲು ತಣ್ಣಗೆ. ಹೊರಗಿನಿಂದ ನೋಡಿದರೆ ಮೈಯಲ್ಲಿ ನೀರು ಕಡಿಮೆಯಾದವರೂ ಹೀಗೇ ಇರುತ್ತಾರೆ, ಹೃದಯ ಸೋತವರೂ ಹೀಗೇ ಇರುತ್ತಾರೆ. ಒಬ್ಬರಿಗೆ ಡ್ರಿಪ್ಸ್ ಜೀವ ಉಳಿಸುತ್ತದೆ. ಇನ್ನೊಬ್ಬರಿಗೆ ಅದೇ ಡ್ರಿಪ್ಸ್ ಜೀವಕ್ಕೆ ಕುತ್ತು ತರುತ್ತದೆ. ಯಾವುದು ಅಂತ ಎದೆ ಮೇಲೆ ಆ ಪ್ರೋಬ್ ಇಟ್ಟ ಐದು ನಿಮಿಷದಲ್ಲಿ ಗೊತ್ತಾಯಿತು. ಇದಕ್ಕೇ ನಾನು ಇಷ್ಟು ಉದ್ದ ಬರೆಯುತ್ತಿರುವುದು.

ಕಾಯಿಲೆಯ ಹೆಸರು ಮಯೋಕಾರ್ಡೈಟಿಸ್. ಹೆಚ್ಚಾಗಿ ವೈರಸ್‌ನಿಂದ ಹೃದಯದ ಮಾಂಸಖಂಡಕ್ಕೆ ಬರುವ ಉರಿಯೂತ. ಕಾಕ್ಸಾಕಿ, ಫ್ಲೂ, ಕೋವಿಡ್, ಪಾರ್ವೊ, ಡೆಂಗಿ, ಹೀಗೆ ಎಷ್ಟೋ ವೈರಸ್‌ನಿಂದ ಬರಬಹುದು. ಹೆಚ್ಚಿನವರಿಗೆ ಜ್ವರ ಬಂದು ಹೋಗುತ್ತದೆ, ಏನೂ ಆಗುವುದಿಲ್ಲ. ಕೆಲವರಿಗೆ ಮಾತ್ರ ಹೀಗೆ ಒಂದೆರಡು ದಿನದಲ್ಲಿ ಹೃದಯ ಸೋಲುತ್ತದೆ. ಮಗಳದ್ದು ಡೆಂಗಿ ಅಲ್ಲ ಅಂತ ಆಮೇಲೆ ಗೊತ್ತಾಯಿತು. ಯಾವ ವೈರಸ್ ಅನ್ನುವುದು ಕೊನೆಗೂ ಸಿಗಲಿಲ್ಲ. ಬಹಳ ಸಲ ಹಾಗೇ ಆಗುತ್ತದಂತೆ.

ಒಂದು ಧೈರ್ಯದ ಮಾತನ್ನೂ ಡಾಕ್ಟರು ಅದೇ ಚಿತ್ರ ನೋಡಿ ಹೇಳಿದರು. ಹಳೇ ಹೃದಯದ ತೊಂದರೆಯಾದರೆ ಕೋಣೆ ದೊಡ್ಡದಾಗಿ, ಗೋಡೆ ತೆಳ್ಳಗಾಗಿ ಇರುವುದೇ ಹೆಚ್ಚು. ಇಲ್ಲಿ ಕೋಣೆ ದೊಡ್ಡದಾಗಿಲ್ಲ, ಗೋಡೆ ಊದಿದೆ. ಅಂದರೆ ಇದು ಹೊಸದು. ಊತ ಇಳಿದರೆ ಹೃದಯ ಸುಧಾರಿಸಲು ದಾರಿ ಇದೆ. "ಈ ನಾಲ್ಕೈದು ದಿನ ದಾಟಿಸ್ಬೇಕು. ಇಲ್ಲಿ ಆಗಲ್ಲ. ಮೈಸೂರಿಗೆ ಹೊರಡಿ." ಅವರೇ ಮೈಸೂರಿಗೆ ಫೋನ್ ಮಾಡಿ ಎಲ್ಲ ಸಂಖ್ಯೆ ಓದಿ ಹೇಳಿದರು. ಚಿತ್ರಗಳನ್ನು ಪೆನ್‌ಡ್ರೈವ್‌ಗೆ ಹಾಕಿ ಕೈಗೆ ಕೊಟ್ಟರು. ಆಂಬುಲೆನ್ಸಿನಲ್ಲಿ ಆಮ್ಲಜನಕ, ಬಿ.ಪಿ. ಇಳಿಯದ ಹಾಗೆ ಮದ್ದಿನ ಪಂಪು. 120 ಕಿಲೋಮೀಟರ್. ಕುಶಾಲನಗರ, ಪಿರಿಯಾಪಟ್ಟಣ, ಹುಣಸೂರು. ಆ ದಾರಿಯ ಬಗ್ಗೆ ಬರೆಯಲು ನನ್ನಿಂದ ಆಗುವುದಿಲ್ಲ.

ಮೈಸೂರಿನ 12 ದಿನಗಳ ಕಥೆ ಬೇರೆ. ಎಕೋಗೆ ಸಂಬಂಧಪಟ್ಟಷ್ಟು ಮಾತ್ರ ಹೇಳುತ್ತೇನೆ. ಅಲ್ಲಿ ಐಸಿಯುನಲ್ಲಿ ಬೆಳಿಗ್ಗೆ ಸಂಜೆ ಮಂಚದ ಹತ್ತಿರಕ್ಕೇ ಚಿಕ್ಕ ಯಂತ್ರ ತಳ್ಳಿಕೊಂಡು ಬರುತ್ತಿದ್ದರು. ಮೊದಲ ದಿನಗಳಲ್ಲಿ ಅವರು ಕಣ್ಣಿಟ್ಟದ್ದು ಇಎಫ್ ಮೇಲೆ ಅಲ್ಲ, ವಿಟಿಐ ಅನ್ನುವ ಇನ್ನೊಂದು ಸಂಖ್ಯೆಯ ಮೇಲೆ. ಹೃದಯದ ಹೊರಬಾಗಿಲಲ್ಲಿ ರಕ್ತ ಒಂದು ಬಡಿತಕ್ಕೆ ಎಷ್ಟು ಸೆಂಟಿಮೀಟರ್ ಮುಂದೆ ಹೋಗುತ್ತದೆ ಅನ್ನುವ ಅಳತೆ ಅದು. ಸಾಮಾನ್ಯವಾಗಿ 18ರಿಂದ 22 ಇರಬೇಕು. ಮಗಳದ್ದು 9.

ಲೆಕ್ಕ ಬರೆಯುವವನಿಗೆ ಇದು ಬೇಗ ತಲೆಗೆ ಹೋಯಿತು. ಬಾಗಿಲಿನ ಅಗಲ 1.8 ಸೆಂ.ಮೀ. ಅಂದರೆ ವಿಸ್ತೀರ್ಣ ಸುಮಾರು ಎರಡೂವರೆ ಚದರ ಸೆಂ.ಮೀ. ಅದನ್ನು 9ರಿಂದ ಗುಣಿಸಿದರೆ ಒಂದು ಬಡಿತಕ್ಕೆ 23 ಮಿ.ಲೀ. ರಕ್ತ. ಇರಬೇಕಾದದ್ದರ ಅರ್ಧ. ಕಾಫಿ ಹೂ ಬಿಡಲಿ ಅಂತ ಗಿಡಗಳಿಗೆ ನೀರು ಹಾಯಿಸುವಾಗ ಸ್ಪ್ರಿಂಕ್ಲರ್ ಜೆಟ್ ಎಷ್ಟು ದೂರ ಹೊಡೆಯುತ್ತಿದೆ ಅಂತ ನೋಡಿಯೇ ಪಂಪು ಹೇಗಿದೆ ಅಂತ ನಾವು ಹೇಳುತ್ತೇವಲ್ಲ, ಅದೇ ಥರ. ಅಲ್ಲಿನ ಚಿಕ್ಕ ವಯಸ್ಸಿನ ಡಾಕ್ಟರೊಬ್ಬರು ನಾನು ಕೇಳಿದಾಗೆಲ್ಲ ಸಂಖ್ಯೆ ಹೇಳುತ್ತಿದ್ದರು. 9. ಮರುದಿನ 8. ಆ ರಾತ್ರಿ ಎಕ್ಮೋ ಯಂತ್ರಕ್ಕೆ ಸಹಿ ಹಾಕಿಸಿಕೊಂಡರು. ರಕ್ತವನ್ನು ಹೊರಗೆ ತೆಗೆದು, ಆಮ್ಲಜನಕ ಸೇರಿಸಿ, ಮತ್ತೆ ಮೈಗೆ ತಳ್ಳುವ ಯಂತ್ರ. ಹೃದಯಕ್ಕೆ ಸ್ವಲ್ಪ ದಿನ ವಿಶ್ರಾಂತಿ ಕೊಡಲು. ಅದನ್ನು ಹಾಕುವಾಗ ಕೊಳವೆ ಸರಿಯಾದ ಜಾಗಕ್ಕೆ ಹೋಯಿತಾ ಅಂತ ನೋಡಲೂ ಎಕೋ ಬೇಕು, ಯಾವಾಗ ತೆಗೆಯಬಹುದು ಅಂತ ತೀರ್ಮಾನಿಸಲೂ ಎಕೋ ಬೇಕು.

ನಮಗೆ ಅದು ಬೇಕಾಗಲಿಲ್ಲ. ಮೂರನೇ ದಿನ ಬೆಳಿಗ್ಗೆ 11. ನಾಲ್ಕನೇ ದಿನ 14. ಹೃದಯಕ್ಕೆ ಬಲ ಕೊಡುವ ಮದ್ದನ್ನು ಆ ಸಂಖ್ಯೆ ನೋಡಿಕೊಂಡೇ ಸ್ವಲ್ಪ ಸ್ವಲ್ಪ ಇಳಿಸಿದರು. ಇಳಿಸಿದ ಮೇಲೆ ಮತ್ತೆ ನೋಡುವುದು, ನಿಂತರೆ ಇನ್ನೂ ಇಳಿಸುವುದು. ಮೂತ್ರ ಹೋಗಲು ಕೊಡುವ ಮದ್ದೂ ಹಾಗೆಯೇ, ಆ ದೊಡ್ಡ ನಾಳದ ಅಗಲ ನೋಡಿ. ಆರನೇ ದಿನ 17. ಅವತ್ತು ಮಗಳು ಮಲಗಿ ನಿದ್ದೆ ಮಾಡಿದಳು. ನಾನು ಹೊರಗೆ ಬಂದು ತೋಟಕ್ಕೆ ಫೋನ್ ಮಾಡಿ ಮಳೆ ಎಷ್ಟು ಅಂತ ಕೇಳಿದೆ. ಐದು ದಿನದಿಂದ ಕೇಳಿರಲಿಲ್ಲ.

ಡಿಸ್ಚಾರ್ಜ್ ಆಗುವಾಗ ಇಎಫ್ 42. ಮೈಸೂರಿನವರು ಪದೇ ಪದೇ ಎಕೋ ಮಾಡಿಸಿ ಎಂದರು. ಪ್ರತಿ ಸಲ 120 ಕಿಲೋಮೀಟರ್ ಬರಬೇಕಾಗಿಲ್ಲ, ಮಡಿಕೇರಿಯಲ್ಲಿ ಮೊದಲು ನೋಡಿದವರೇ ನೋಡಲಿ ಎಂದೂ ಹೇಳಿದರು. ಎಕೋದಲ್ಲಿ ನೋಡುವವರ ಕೈ, ಕಣ್ಣು ಬದಲಾದರೆ ಐದು ಹತ್ತು ಅಂಕ ಹೆಚ್ಚು ಕಡಿಮೆ ಬರುತ್ತದಂತೆ. ಒಬ್ಬರೇ ನೋಡಿದರೆ ಹೋಲಿಕೆ ಸರಿ ಇರುತ್ತದೆ.

ಹೀಗೆ ಆ ಕೊಠಡಿಗೆ ಇನ್ನೂ ನಾಲ್ಕು ಸಲ ಹೋದೆವು. ಆಗಸ್ಟ್ ಮಧ್ಯದಲ್ಲಿ 45. ಕೈಲ್‌ಪೊಳ್ದ್ ಹಬ್ಬ ಕಳೆದು ಸೆಪ್ಟೆಂಬರ್‌ನಲ್ಲಿ 50. ಕಾವೇರಿ ಸಂಕ್ರಮಣ ಆಗಿ ಅಕ್ಟೋಬರ್ ಕೊನೆಗೆ 56. ರೊಬಸ್ಟಾ ಕೊಯ್ಲಿನ ನಡುವೆ ಜನವರಿಯಲ್ಲಿ 60. ಪ್ರತಿ ಸಲವೂ ಡಾಕ್ಟರು ಹಳೇ ಚಿತ್ರ ಒಂದು ಕಡೆ, ಹೊಸದು ಇನ್ನೊಂದು ಕಡೆ ಇಟ್ಟು ತೋರಿಸಿದರು. ಗೋಡೆ ತೆಳ್ಳಗಾಗುತ್ತಾ ಬಂದದ್ದು ನನ್ನಂಥವನಿಗೂ ಕಾಣುತ್ತಿತ್ತು. ಹೃದಯದ ಸುತ್ತಲಿನ ನೀರು ಸೆಪ್ಟೆಂಬರ್ ಹೊತ್ತಿಗೆ ಪೂರ್ತಿ ಹೋಗಿತ್ತು.

ಅಕ್ಟೋಬರಿನಲ್ಲಿ 56 ಅಂದ ಕೂಡಲೇ ಮಗಳು ಎದ್ದು ಕೂತು, "ಸರ್, ಪ್ರಾಕ್ಟೀಸಿಗೆ ಹೋಗ್ಲಾ?" ಎಂದಳು. ಡಾಕ್ಟರು ಬೇಡ ಎಂದರು. ಸಂಖ್ಯೆ ಸರಿಯಾದರೂ ಒಳಗೆ ಗಾಯದ ಗುರುತು ಉಳಿದಿರಬಹುದು, ಓಡುವಾಗ ಬಡಿತ ತಪ್ಪಬಹುದು. ಅದು ಎಕೋದಲ್ಲಿ ಕಾಣದೇ ಇರಬಹುದು. ಈ ಕಾಯಿಲೆ ಬಂದ ಆಟಗಾರರಿಗೆ 3ರಿಂದ 6 ತಿಂಗಳು ಆಟ ಬೇಡ ಅನ್ನುವುದು ವಾಡಿಕೆ, ಅವಳಿಗೆ 6 ತಿಂಗಳೇ ಎಂದರು. ಹಾಕಿ ಸ್ಟಿಕ್ ಅಟ್ಟಕ್ಕೆ ಹೋಯಿತು. ಜನವರಿಯಲ್ಲಿ ಎಕೋ ಆದ ಮೇಲೂ 24 ಗಂಟೆ ಎದೆಬಡಿತ ದಾಖಲಿಸುವ ಹೋಲ್ಟರ್, ಟ್ರೆಡ್‌ಮಿಲ್, ಮೈಸೂರಿನಲ್ಲಿ ಎಂಆರ್‌ಐ, ಎಲ್ಲ ಮಾಡಿಸಿಯೇ ಒಪ್ಪಿಗೆ ಕೊಟ್ಟರು. ತನ್ನ ಯಂತ್ರದಲ್ಲಿ ಏನು ಕಾಣುವುದಿಲ್ಲ ಅಂತ ಬಾಯಿಬಿಟ್ಟು ಹೇಳುವ ಡಾಕ್ಟರ ಮೇಲೆ ನನಗೆ ನಂಬಿಕೆ ಜಾಸ್ತಿ.

ಕಾಯುತ್ತಾ ಕೂತಾಗ ಒಂದು ದಿನ ಸಿಸ್ಟರ್ ಹೇಳಿದ್ದು: ಈ ಯಂತ್ರದ ಮೂಲ ಹಡಗು ಕಟ್ಟುವ ಜಾಗದ್ದಂತೆ. ಮನೆಗೆ ಬಂದು ಹುಡುಕಿ ಓದಿದೆ, ನಿಜವೇ. ಸ್ವೀಡನ್ನಿನ ಲುಂಡ್‌ನಲ್ಲಿ 1953ರಲ್ಲಿ ಎಡ್ಲರ್ ಎಂಬ ಡಾಕ್ಟರು, ಹರ್ಟ್ಸ್ ಎಂಬ ಭೌತವಿಜ್ಞಾನಿ ಸೇರಿ, ಲೋಹದಲ್ಲಿ ಬಿರುಕು ಹುಡುಕುವ ಶಬ್ದದ ಯಂತ್ರವನ್ನು ಎರವಲು ತಂದು ಹೃದಯದ ಮೇಲೆ ಇಟ್ಟು ನೋಡಿದರು. ಕಿವಿಗೆ ಕೇಳದ ಶಬ್ದ ಒಳಗೆ ಹೋಗಿ ಬಡಿದು ವಾಪಸ್ ಬರುತ್ತದೆ, ಅದೇ ಚಿತ್ರವಾಗುತ್ತದೆ. ಎಕ್ಸ್‌ರೇ ಥರ ವಿಕಿರಣ ಇಲ್ಲ. ಎಷ್ಟು ಸಲ ಮಾಡಿಸಿದರೂ ಹೆದರಬೇಕಾಗಿಲ್ಲ. ನನ್ನ ಹೆಂಡತಿಗೆ ಆ ಭಯ ಬಹಳ ಇತ್ತು, ಅದಕ್ಕೆ ಇದನ್ನು ಬರೆದೆ.

ಇನ್ನು ಹೋಗುವವರಿಗೆ ಬೇಕಾದ ವಿಷಯ. ನಮಗೆ ಪ್ರತಿ ಸಲ ₹1,600 ಆಯಿತು. ಸಾಮಾನ್ಯ ಎಕೋ 20ರಿಂದ 30 ನಿಮಿಷ. ಖಾಲಿ ಹೊಟ್ಟೆಯಲ್ಲಿ ಹೋಗಬೇಕಾಗಿಲ್ಲ. ಹೆಣ್ಣುಮಕ್ಕಳು ಮುಂದೆ ಗುಂಡಿ ಇರುವ ಬಟ್ಟೆ ಹಾಕಿಕೊಂಡು ಹೋದರೆ ಅನುಕೂಲ. ಹಳೇ ರಿಪೋರ್ಟು ತಪ್ಪದೆ ತೆಗೆದುಕೊಂಡು ಹೋಗಿ. ರಿಪೋರ್ಟಿನ ಜೊತೆ ಕೊಡುವ ಚಿತ್ರದ ಕಾಗದ ಬಸ್ ಟಿಕೆಟ್ ಥರದ್ದು, ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಮಾಸಿಹೋಗುತ್ತದೆ. ಅವತ್ತೇ ಮೊಬೈಲಿನಲ್ಲಿ ಫೋಟೊ ತೆಗೆದಿಟ್ಟುಕೊಳ್ಳಿ. ಮಳೆ ಜೋರಾದರೆ ನೆಟ್‌ವರ್ಕ್ ಇರುವುದಿಲ್ಲ, ಫೋನ್‌ಪೇ ನಂಬಿಕೊಂಡು ಹೋಗಬೇಡಿ, ನಗದು ಇರಲಿ. ಕರೆಂಟು ಹೋದರೂ ಯುಪಿಎಸ್ ಇದೆ, ಕೆಲಸ ನಿಲ್ಲುವುದಿಲ್ಲ.

ಜ್ವರ ಬಂದವರೆಲ್ಲ ಎಕೋ ಮಾಡಿಸಿ ಅಂತ ನಾನು ಹೇಳುತ್ತಿಲ್ಲ. ಅದನ್ನು ಡಾಕ್ಟರು ಹೇಳಬೇಕು. ಆದರೆ ಜ್ವರದ ಜೊತೆ ಮಲಗಿದರೆ ಉಸಿರು ಕಟ್ಟುತ್ತಿದ್ದರೆ, ಎದೆ ನೋಯುತ್ತಿದ್ದರೆ, ತಲೆ ಸುತ್ತಿ ಬೀಳುವಂತಾದರೆ, ಕೈಕಾಲು ತಣ್ಣಗಾಗಿ ನಾಡಿ ಓಡುತ್ತಿದ್ದರೆ ಬೆಳಗಾಗಲಿ ಅಂತ ಕಾಯಬೇಡಿ. ನಾವು ಕಾದೆವು.

ಅರ್ಧ ಸ್ಟಾರ್ ಕಳೆದ ಕಾರಣ ಇಷ್ಟೇ. ಕಾಯಲು ನಾಲ್ಕೇ ಕುರ್ಚಿ. ಸೋಮವಾರ ಹೋದರೆ ಎರಡು ಗಂಟೆ ನಿಂತೇ ಇರಬೇಕು, ಹೃದಯದ ತೊಂದರೆ ಇರುವವರು ನಿಲ್ಲುವುದು ಹೇಗೆ? ಭಾನುವಾರ ಬಾಗಿಲು ಹಾಕಿರುತ್ತದೆ, ತುರ್ತಿಗೆ ಮಾತ್ರ ಬರುತ್ತಾರೆ. ಇನ್ನೊಂದು, ರಸ್ತೆಯಿಂದ ಕೊಠಡಿಗೆ ಇಳಿಯುವ ಏಳು ಮೆಟ್ಟಿಲು. ಮಳೆಗಾಲದಲ್ಲಿ ಪಾಚಿ ಕಟ್ಟಿ ಜಾರುತ್ತದೆ. ಹಿಡಿದುಕೊಳ್ಳಲು ಏನೂ ಇಲ್ಲ. ಆ ಬೆಳಿಗ್ಗೆ ಮಗಳನ್ನು ಎತ್ತಿಕೊಂಡು ಇಳಿಯುವಾಗ ಮೂರನೇ ಮೆಟ್ಟಿಲಲ್ಲಿ ನನ್ನ ಕಾಲು ಜಾರಿತ್ತು, ಜೀಪ್ ಡ್ರೈವರ್ ಹಿಂದಿನಿಂದ ಹಿಡಿದುಕೊಂಡ. ಜನವರಿಯಲ್ಲಿ ಡಾಕ್ಟರಿಗೆ ಇದನ್ನು ಹೇಳಿದೆ. ಪೈಪ್ ಹಾಕಿಸುತ್ತೇನೆ ಎಂದಿದ್ದಾರೆ. ಮಗಳ ಮುಂದಿನ ಎಕೋ ಜುಲೈಯಲ್ಲಿ. ಅಷ್ಟರಲ್ಲಿ ಹಾಕಿಸಿದ್ದರೆ ಆ ಅರ್ಧ ಸ್ಟಾರನ್ನೂ ಇಲ್ಲೇ ಸೇರಿಸುತ್ತೇನೆ.